ಇಮೇಲ್ ವಿಳಾಸ ನೋಡಲು ಸರಿಯೇ, ನಿಜಕ್ಕೂ ತಲುಪುತ್ತದೆಯೇ: ಟರ್ಮಿನಲ್‌ನಲ್ಲಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಇಮೇಲ್ ಪಟ್ಟಿ ಸೋಸಲು ಕೂತವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಕೆಲವರು ಎಲ್ಲಿಂದಲೋ ತಂದ ಒಂದು ಉದ್ದನೆಯ ರೆಜೆಕ್ಸ್ (ಅಕ್ಷರಗಳ ಮಾದರಿ ಹೋಲಿಸುವ ಸೂತ್ರ) ಓಡಿಸಿ, ಪಾಸಾದದ್ದೆಲ್ಲ ಒಳ್ಳೆಯ ವಿಳಾಸ ಎಂದುಕೊಳ್ಳುತ್ತಾರೆ. ಇನ್ನು ಕೆಲವರು ನೇರವಾಗಿ ಮೇಲ್ ಸರ್ವರ್‌ನ ಬಾಗಿಲು ತಟ್ಟಿ, ಅದು ಒಲ್ಲೆ ಅಂದದ್ದನ್ನೆಲ್ಲ ಸತ್ತ ವಿಳಾಸ ಎಂದು ಅಳಿಸಿಬಿಡುತ್ತಾರೆ. ಎರಡನೆಯದರಿಂದಲೇ ನಷ್ಟ ಹೆಚ್ಚು, ಏಕೆಂದರೆ ಅಳಿಸಿದ್ದು ತಿರುಗಿ ಬರುವುದಿಲ್ಲ. 'ಈ ವಿಳಾಸ ಇಲ್ಲ' ಎನ್ನುವುದು ಒಂದು ಉತ್ತರ, 'ಇದೆಯೋ ಇಲ್ಲವೋ ತಿಳಿಯಲಿಲ್ಲ' ಎನ್ನುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಇಡಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಹಾಗಾಗಿ ಮೊದಲೇ ನಾಲ್ಕು ಫೈಲ್ ಮಾಡಿಟ್ಟುಕೊಳ್ಳಿ: ಸರಿ, ಕೆಟ್ಟದ್ದು, ಮತ್ತೆ ನೋಡಬೇಕು, ಗೊತ್ತಾಗಲಿಲ್ಲ. ಪ್ರತಿ ಹಂತದಲ್ಲೂ ವಿಳಾಸಗಳು ಈ ನಾಲ್ಕರಲ್ಲೊಂದಕ್ಕೆ ಹೋಗಬೇಕು. ಜೊತೆಗೆ ಯಾವ ಹಂತದಲ್ಲಿ, ಯಾವ ಕಾರಣಕ್ಕೆ ಹೋಯಿತು ಎಂಬುದೂ ಪಕ್ಕದ ಕಾಲಂನಲ್ಲಿ ಇರಲಿ. ಮೂಲ ಪಟ್ಟಿಯ ಒಂದು ಪ್ರತಿಯನ್ನು ಮುಟ್ಟದೆ ಹಾಗೆಯೇ ಇಟ್ಟುಬಿಡಿ.

ಒಂದು ಸೂಚನೆ. ಕೆಳಗೆ ಆಜ್ಞೆಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣಕ್ಷರ.

## ಹಂತ 0: ಸಲಕರಣೆ, ಮತ್ತು ಪೋರ್ಟ್ 25 ತೆರೆದಿದೆಯೇ

ಗ್ರೆಪ್, ಸೆಡ್, ಆಕ್, ಸಾರ್ಟ್, ಯುನಿಕ್ ಇವೆಲ್ಲ ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಮೊದಲೇ ಇರುತ್ತವೆ. ಆದರೆ ಮ್ಯಾಕ್‌ನ ಗ್ರೆಪ್‌ಗೆ ದೊಡ್ಡ ಪಿ ಆಯ್ಕೆ ತಿಳಿಯದು. ಅಲ್ಲಿ ಗ್ನೂ ಗ್ರೆಪ್ ಬೇರೆಯಾಗಿ ಹಾಕಿಕೊಳ್ಳಬೇಕು, ಇಲ್ಲವೇ ಪರ್ಲ್ ಬಳಸಬೇಕು.

ಡೊಮೈನ್ ಹೆಸರುಗಳ ವಿವರ ಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು ಕೇಳಲು ಡಿಗ್ ಬೇಕು. ಉಬುಂಟು, ಡೆಬಿಯನ್‌ಗಳಲ್ಲಿ ಅದು ಡಿಎನ್‌ಎಸ್‌ಯುಟಿಲ್ಸ್ ಪ್ಯಾಕೇಜಿನಲ್ಲಿದೆ, ಹೊಸ ಆವೃತ್ತಿಗಳಲ್ಲಿ ಪ್ಯಾಕೇಜಿನ ಹೆಸರಿನ ಮುಂದೆ ಬೈಂಡ್9 ಸೇರಿಕೊಂಡಿದೆ. ಫೆಡೋರಾದಲ್ಲಿ ಬೈಂಡ್-ಯುಟಿಲ್ಸ್. ಮೇಲ್ ಸರ್ವರ್ ಜೊತೆ ಮಾತಾಡಲು ಎನ್‌ಸಿ ಸಾಕು, ಸ್ವಾಕ್ಸ್ ಇದ್ದರೆ ಇನ್ನೂ ಒಳ್ಳೆಯದು. ಇದು ಪರ್ಲ್‌ನಲ್ಲಿ ಬರೆದ ಎಸ್‌ಎಮ್‌ಟಿಪಿ (ಮೇಲ್ ಸರ್ವರ್‌ಗಳು ಮಾತಾಡುವ ಭಾಷೆ) ಪರೀಕ್ಷಾ ಉಪಕರಣ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನಿಮ್ಮ ಯಂತ್ರದಿಂದ ಪೋರ್ಟ್ 25, ಅಂದರೆ ಮೇಲ್ ಸರ್ವರ್‌ಗಳು ಒಂದಕ್ಕೊಂದು ಮೇಲ್ ಒಪ್ಪಿಸುವ ಬಾಗಿಲು, ಹೊರಗೆ ಹೋಗುತ್ತದೆಯೇ ಎಂಬುದನ್ನು. ಬಹಳಷ್ಟು ಮನೆ ಇಂಟರ್ನೆಟ್ ಸಂಪರ್ಕಗಳೂ ಕ್ಲೌಡ್ ಸೇವೆಗಳೂ ಸ್ಪ್ಯಾಮ್ ತಡೆಯಲೆಂದು ಅದನ್ನು ಮುಚ್ಚಿರುತ್ತವೆ. ಗೊತ್ತಿರುವ ಯಾವುದಾದರೂ ದೊಡ್ಡ ಮೇಲ್ ಸರ್ವರ್‌ಗೆ ಹೀಗೆ ಕೇಳಿ:

ಎನ್‌ಸಿ -ವಿಜೆಡ್ -ಡಬ್ಲ್ಯು 5 ಸರ್ವರ್‌ಹೆಸರು 25

5 ಸೆಕೆಂಡಿನೊಳಗೆ ಸಂಪರ್ಕ ಸಿಕ್ಕಿದರೆ ಸರಿ. ಎರಡು ಮೂರು ಬೇರೆ ಬೇರೆ ಸರ್ವರ್‌ಗಳೂ ಟೈಮ್‌ಔಟ್ ಆದರೆ ತಪ್ಪು ಅವುಗಳದ್ದಲ್ಲ, ನಿಮ್ಮ ನೆಟ್‌ವರ್ಕಿನದು. ಆಗ ಹಂತ 4ರವರೆಗೆ ಮಾತ್ರ ಈ ಯಂತ್ರದಲ್ಲಿ ಮಾಡಿ, ಮುಂದಿನದಕ್ಕೆ ಪೋರ್ಟ್ 25 ತೆರೆದಿರುವ ಸರ್ವರ್ ಹುಡುಕಿ. 25 ಬದಲು 587 ಹಾಕಿ ನೋಡುವುದು ವ್ಯರ್ಥ. 587 ಇರುವುದು ಒಬ್ಬ ಬಳಕೆದಾರ ಪಾಸ್‌ವರ್ಡ್ ಕೊಟ್ಟು ತನ್ನದೇ ಸರ್ವರ್‌ಗೆ ಮೇಲ್ ಒಪ್ಪಿಸಲು, ಹೊರಗಿನವರು ವಿಳಾಸ ವಿಚಾರಿಸಲು ಅಲ್ಲ.

## ಹಂತ 1: ಕಣ್ಣಿಗೆ ಕಾಣದ ಕಸ ತೆಗೆಯುವುದು

ವಾಕ್ಯರಚನೆಯ ಪರೀಕ್ಷೆಯಲ್ಲಿ ಬೀಳುವ ಎಷ್ಟೋ ವಿಳಾಸಗಳು ನಿಜಕ್ಕೂ ತಪ್ಪಾಗಿರುವುದಿಲ್ಲ, ಅವುಗಳಿಗೆ ಏನೋ ಅಂಟಿಕೊಂಡಿರುತ್ತದೆ. ಎರಡು ಲಕ್ಷಣಗಳನ್ನು ನೆನಪಿಡಿ.

ಇಡೀ ಪಟ್ಟಿಯೇ ಫೇಲ್ ಆದರೆ ಫೈಲ್ ವಿಂಡೋಸ್‌ನಿಂದ ಬಂದದ್ದು. ಪ್ರತಿ ಸಾಲಿನ ಕೊನೆಯಲ್ಲೂ ಕ್ಯಾರೇಜ್ ರಿಟರ್ನ್ ಕೂತಿದೆ. ಪಟ್ಟಿಯ ಮೊದಲ ವಿಳಾಸ ಒಂದೇ ಫೇಲ್ ಆಗಿ ಉಳಿದದ್ದೆಲ್ಲ ಪಾಸಾದರೆ ಫೈಲಿನ ತಲೆಯಲ್ಲಿ ಬಿಒಎಮ್ ಇದೆ. ಯುಟಿಎಫ್-8 ಎಂದು ಗುರುತು ಹಾಕುವ 3 ಬೈಟ್ ಅದು, ಪರದೆಯ ಮೇಲೆ ಕಾಣುವುದೇ ಇಲ್ಲ.

ಕಾಣಬೇಕೆಂದರೆ ಕ್ಯಾಟ್‌ಗೆ ದೊಡ್ಡ ಎ ಆಯ್ಕೆ ಕೊಟ್ಟು ಮೊದಲ ಹತ್ತು ಸಾಲು ನೋಡಿ. ಸರಿಯಾದ ಸಾಲು ವಿಳಾಸ ಮುಗಿದ ಕೂಡಲೇ ಒಂದು ಡಾಲರ್ ಚಿಹ್ನೆಯಿಂದ ಮುಗಿಯುತ್ತದೆ. ಡಾಲರ್‌ಗೆ ಮುಂಚೆ ^ ಚಿಹ್ನೆ ಮತ್ತು ದೊಡ್ಡ ಎಮ್ ಕಂಡರೆ ಅದು ಕ್ಯಾರೇಜ್ ರಿಟರ್ನ್. ವಿಳಾಸದ ನಡುವೆ ದೊಡ್ಡ ಎಮ್ ಮತ್ತು ಹೈಫನ್ ಸೇರಿದ ಚೂರುಗಳು ಕಂಡರೆ ಅಲ್ಲಿ ಆಸ್ಕಿ ಅಲ್ಲದ ಅಕ್ಷರವಿದೆ. (ಮ್ಯಾಕ್‌ನಲ್ಲಿ ಈ ಆಯ್ಕೆ ಇಲ್ಲ, ಅಲ್ಲಿ ಸಣ್ಣಕ್ಷರದ -ಇಟಿ ಕೊಡಿ.)

ಆ ಅಕ್ಷರ ಯಾವುದು? ಬಹುತೇಕ ಇವುಗಳಲ್ಲೊಂದು: ವೆಬ್ ಪುಟದಿಂದ ನಕಲಿಸಿದಾಗ ಬರುವ ಮುರಿಯದ ಸ್ಪೇಸ್, ವರ್ಡ್ ಫೈಲಿನಿಂದ ಬರುವ ಬಾಗಿದ ಉದ್ಧರಣ ಚಿಹ್ನೆ, ಶೂನ್ಯ ಅಗಲದ ಸ್ಪೇಸ್. ಕನ್ನಡದಲ್ಲಿ ಟೈಪ್ ಮಾಡುವವರ ಪಟ್ಟಿಗಳಲ್ಲಿ ಇನ್ನೊಂದು ಕಳ್ಳ ಇದೆ: ಶೂನ್ಯ ಅಗಲದ ನಾನ್-ಜಾಯ್ನರ್. 'ರಾಜ್‌ಕುಮಾರ್' ಎಂದು ಬರೆಯುವಾಗ ಜ ಮತ್ತು ಕ ಒತ್ತಕ್ಷರವಾಗದಂತೆ ತಡೆಯುವ ಅಕ್ಷರ ಅದು. ಕೀಲಿಮಣೆ ಬದಲಿಸಲು ಮರೆತು ವಿಳಾಸ ಬರೆದರೆ ಅಲ್ಲೂ ಒಂದು ಉಳಿದುಬಿಡುತ್ತದೆ. ನಕಲಿಸಿದರೂ ಅಂಟಿಸಿದರೂ ಜೊತೆಗೇ ಬರುತ್ತದೆ, ಕಣ್ಣಿಗೆ ಮಾತ್ರ ಬೀಳದು. ಹಾಗೆಯೇ 1, 2 ಇರಬೇಕಾದ ಕಡೆ ೧, ೨ ಬಂದಿರುವುದೂ ಉಂಟು.

ತೆಗೆಯುವ ಕ್ರಮ ಹೀಗಿರಲಿ. ಮೊದಲು ಬಿಒಎಮ್, ಆಮೇಲೆ ಕ್ಯಾರೇಜ್ ರಿಟರ್ನ್, ಆಮೇಲೆ ಶೂನ್ಯ ಅಗಲದ ಅಕ್ಷರಗಳು, ಕೊನೆಗೆ ಸಾಲಿನ ಹಿಂದುಮುಂದಿನ ಸ್ಪೇಸ್ ಮತ್ತು ಟ್ಯಾಬ್. ಕ್ರಮ ತಪ್ಪಿದರೆ ಸಾಲಿನ ಕೊನೆಯ ಸ್ಪೇಸ್ ಕ್ಯಾರೇಜ್ ರಿಟರ್ನ್‌ನ ಹಿಂದೆ ಅಡಗಿ ಹಾಗೆಯೇ ಉಳಿಯುತ್ತದೆ.

ಇಷ್ಟನ್ನು ಕಣ್ಣುಮುಚ್ಚಿ ತೆಗೆಯಬಹುದು. ಮುಂದಿನದಕ್ಕೆ ಕಣ್ಣು ಬೇಕು. ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಬರೆದ ಎರಡು ವಿಳಾಸ, ಹೆಸರು ಬರೆದು ಕೋನಾವರಣದೊಳಗೆ ಇಟ್ಟ ವಿಳಾಸ, ಮುಂದೆ 'ಮೇಲ್‌ಟು' ಅಂಟಿಕೊಂಡದ್ದು, ವಾಕ್ಯದ ಕೊನೆಯಿಂದ ಬಂದ ಪೂರ್ಣವಿರಾಮ, ಕಾಮ್‌ಗೆ ಮುಂಚೆ ಚುಕ್ಕಿಯ ಬದಲು ಅಲ್ಪವಿರಾಮ. ಇವನ್ನು ಬೇರೆ ಫೈಲಿಗೆ ತೆಗೆದು ಕೈಯಿಂದ ತಿದ್ದಿ. ತಾನಾಗಿ ತಿದ್ದುವ ಸ್ಕ್ರಿಪ್ಟ್ ಬರೆದರೆ ಒಬ್ಬರ ವಿಳಾಸವನ್ನು ಇನ್ನೊಬ್ಬರದ್ದಾಗಿ ಮಾಡುವ ಅಪಾಯವಿದೆ.

## ಹಂತ 2: ವಾಕ್ಯರಚನೆ

ನಿಯಮಗಳು ಇರುವುದು ಆರ್‌ಎಫ್‌ಸಿ ಎಂಬ ಇಂಟರ್ನೆಟ್ ಮಾನಕ ದಾಖಲೆಗಳಾದ 5321 ಮತ್ತು 5322ರಲ್ಲಿ, ಎರಡೂ 2008ರವು. 5322 ಒಪ್ಪುವ ಎಲ್ಲವನ್ನೂ ಒಪ್ಪುವ ರೆಜೆಕ್ಸ್ ಬರೆಯಲು ಹೋಗಬೇಡಿ. ಅದರಲ್ಲಿ ಆವರಣದೊಳಗಿನ ಟಿಪ್ಪಣಿಗೂ ಸಾಲು ಮುರಿದ ಸ್ಪೇಸ್‌ಗೂ ಜಾಗವಿದೆ, ಯಾವ ಮನುಷ್ಯನ ವಿಳಾಸವೂ ಹಾಗಿರುವುದಿಲ್ಲ. ಬ್ರೌಸರ್‌ಗಳ ಇಮೇಲ್ ಪೆಟ್ಟಿಗೆಗೆ ನಿಯಮ ಬರೆದ ಎಚ್‌ಟಿಎಮ್‌ಎಲ್ ಮಾನಕದವರು ಕೂಡ 5322 ಅನ್ನು ಬೇಕೆಂದೇ ಮುರಿದಿದ್ದೇವೆ ಎಂದು ಅಲ್ಲೇ ಹೇಳಿಕೊಂಡಿದ್ದಾರೆ. ಒಂದು ದೈತ್ಯ ರೆಜೆಕ್ಸ್‌ಗಿಂತ ಆಕ್‌ನಲ್ಲಿ ಬರೆದ ಏಳೆಂಟು ಸಣ್ಣ ಪ್ರಶ್ನೆಗಳು ಮೇಲು. ಯಾವ ಪ್ರಶ್ನೆಯಲ್ಲಿ ಬಿತ್ತು ಎಂದಾದರೂ ಗೊತ್ತಾಗುತ್ತದೆ.

1. ಕೊನೆಯ @ ಚಿಹ್ನೆಯ ಬಳಿ ಸೀಳಿ. ಎಡಗಡೆಯದು ಸ್ಥಳೀಯ ಭಾಗ, ಬಲಗಡೆಯದು ಡೊಮೈನ್. ಉದ್ಧರಣ ಚಿಹ್ನೆಯೊಳಗಿದ್ದರೆ ಎಡಭಾಗದಲ್ಲಿ ಇನ್ನೊಂದು @ ಇರುವುದಕ್ಕೂ ನಿಯಮದಲ್ಲಿ ಅವಕಾಶ ಇದೆ. ಅಂಥವು ಸಿಕ್ಕರೆ 'ಗೊತ್ತಾಗಲಿಲ್ಲ' ಫೈಲಿಗೆ.

2. ಉದ್ದ ನೋಡಿ. ಸ್ಥಳೀಯ ಭಾಗ 64 ಬೈಟ್ ಮೀರಬಾರದು, ಇಡೀ ವಿಳಾಸ 254 ಮೀರಬಾರದು, ಡೊಮೈನಿನ ಚುಕ್ಕಿಗಳ ನಡುವಿನ ಒಂದೊಂದು ತುಂಡು 63 ಮೀರಬಾರದು. ಇವು ಬೈಟ್ ಲೆಕ್ಕ, ಅಕ್ಷರದ ಲೆಕ್ಕ ಅಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಹಾಗಾಗಿ 64ರಲ್ಲಿ 21 ಮಾತ್ರ ಹಿಡಿಸುತ್ತವೆ. ಗ್ನೂ ಆಕ್ ಅಕ್ಷರ ಎಣಿಸುತ್ತದೆ. ಬೈಟ್ ಎಣಿಸಬೇಕಾದರೆ ಆಜ್ಞೆಯ ಮುಂದೆ ಎಲ್‌ಸಿ_ಆಲ್=ಸಿ ಎಂದು ದೊಡ್ಡಕ್ಷರದಲ್ಲಿ ಸೇರಿಸಿ.

3. ಸ್ಥಳೀಯ ಭಾಗದ ಮೊದಲಲ್ಲಾಗಲಿ ಕೊನೆಯಲ್ಲಾಗಲಿ ಚುಕ್ಕಿ ಇರಬಾರದು, ಎರಡು ಚುಕ್ಕಿ ಒಟ್ಟಿಗೆ ಬರಬಾರದು. ಜಪಾನಿನ ಕೆಲವು ಮೊಬೈಲ್ ಕಂಪನಿಗಳು ಒಂದು ಕಾಲದಲ್ಲಿ ಈ ನಿಯಮ ಮೀರಿ ವಿಳಾಸ ಕೊಟ್ಟದ್ದೂ ಇದೆ. ಅಲ್ಲಿನ ಹಳೆಯ ಪಟ್ಟಿಯಾದರೆ 'ಕೆಟ್ಟದ್ದು' ಅನ್ನಬೇಡಿ, 'ಗೊತ್ತಾಗಲಿಲ್ಲ'ಕ್ಕೆ ಹಾಕಿ.

4. ಡೊಮೈನಿನಲ್ಲಿ ಅಕ್ಷರ, ಅಂಕಿ, ಹೈಫನ್, ಚುಕ್ಕಿ ಇಷ್ಟೇ. ತುಂಡಿನ ಮೊದಲು ಕೊನೆಯಲ್ಲಿ ಹೈಫನ್ ಬಾರದು, ಅಂಡರ್‌ಸ್ಕೋರ್ ಬಾರದು, ಕನಿಷ್ಠ ಒಂದು ಚುಕ್ಕಿ ಇರಬೇಕು, ಕೊನೆಯ ತುಂಡು ಬರೀ ಅಂಕಿ ಆಗಿರಬಾರದು.

ಇಲ್ಲಿ ಪದೇ ಪದೇ ಆಗುವ ತಪ್ಪುಗಳು ಮೂರು. ಒಂದು, ಕೊನೆಯ ತುಂಡು 2ರಿಂದ 4 ಅಕ್ಷರ ಇರಬೇಕು ಎಂಬ ಹಳೇ ರೆಜೆಕ್ಸ್. 6 ಅಕ್ಷರದ ಡಾಟ್ ಮ್ಯೂಸಿಯಂ 2001ರಿಂದಲೇ ಇದೆ, ಡಾಟ್ ಫೋಟೋಗ್ರಫಿ 11 ಅಕ್ಷರ. ಎರಡು, ಪ್ಲಸ್ ಚಿಹ್ನೆಯನ್ನೂ ಮೇಲುಚುಕ್ಕೆಯನ್ನೂ (ಅಪಾಸ್ಟ್ರಫಿ) ತಪ್ಪು ಅನ್ನುವುದು. ಎರಡೂ ನಿಯಮಬದ್ಧ, ಐರಿಷ್ ಕುಲನಾಮಗಳಲ್ಲಿ ಮೇಲುಚುಕ್ಕೆ ಸಾಮಾನ್ಯ. ಮೂರು, ಇಡೀ ವಿಳಾಸವನ್ನು ಸಣ್ಣಕ್ಷರಕ್ಕೆ ಇಳಿಸುವುದು. ಡೊಮೈನ್ ಇಳಿಸಬಹುದು. ಸ್ಥಳೀಯ ಭಾಗದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಎಂದು ನೋಡುವ ಹಕ್ಕು ಆಯಾ ಸರ್ವರ್‌ಗೆ ಇದೆ. ಹಾಗೆ ನೋಡುವವರು ಅಪರೂಪ, ಆದರೂ ಕಳುಹಿಸುವ ಪ್ರತಿಯನ್ನು ಮುಟ್ಟಬೇಡಿ. ಎರಡೆರಡು ಸಲ ಬಂದದ್ದನ್ನು ಹುಡುಕಲು ಮಾತ್ರ ಇಳಿಸಿದ ಪ್ರತಿ ಬಳಸಿ.

ಕನ್ನಡ ಲಿಪಿಯ ಡೊಮೈನ್ ಬಂದರೆ ತಪ್ಪೆಂದು ತಳ್ಳಬೇಡಿ. ಐಡಿಎನ್2 ಎಂಬ ಉಪಕರಣಕ್ಕೆ ಕೊಟ್ಟರೆ ಎಕ್ಸ್, ಎನ್ ಮತ್ತು ಎರಡು ಹೈಫನ್‌ಗಳಿಂದ ಶುರುವಾಗುವ ಆಸ್ಕಿ ರೂಪ ಸಿಗುತ್ತದೆ. ಡಿಎನ್‌ಎಸ್‌ಗೆ ಕೇಳಬೇಕಾದದ್ದು ಅದನ್ನು. ಸ್ಥಳೀಯ ಭಾಗವೂ ಕನ್ನಡದಲ್ಲಿದ್ದರೆ ಎರಡೂ ಕಡೆಯ ಸರ್ವರ್‌ಗಳು ಎಸ್‌ಎಮ್‌ಟಿಪಿಯುಟಿಎಫ್8 ಎಂಬ ವಿಸ್ತರಣೆಯನ್ನು ಬಲ್ಲವಾಗಿರಬೇಕು.

### ಶೆಲ್‌ನಲ್ಲಿ ಕಾದಿರುವ ಗುಂಡಿಗಳು

ನಿಯಮಬದ್ಧವಾದ ವಿಳಾಸದಲ್ಲೂ ಶೆಲ್ ಅಪಾರ್ಥ ಮಾಡಿಕೊಳ್ಳುವ ಅಕ್ಷರಗಳಿರಬಹುದು. ಡಾಲರ್, ಬ್ಯಾಕ್‌ಟಿಕ್, ಸ್ಟಾರ್, ಮೇಲುಚುಕ್ಕೆ ಎಲ್ಲಕ್ಕೂ ಸ್ಥಳೀಯ ಭಾಗದಲ್ಲಿ ಪರವಾನಗಿ ಇದೆ. ಹಾಗಾಗಿ ವೇರಿಯಬಲ್ ಬಳಸುವ ಪ್ರತಿ ಕಡೆಯೂ ಜೋಡಿ ಉದ್ಧರಣ ಚಿಹ್ನೆ ಹಾಕಲೇಬೇಕು, ಇವ್ಯಾಲ್ ಹತ್ತಿರವೂ ಸುಳಿಯಬಾರದು.

ಎಕ್ಸ್‌ಆರ್ಗ್ಸ್‌ಗೆ ಪಟ್ಟಿ ಸುರಿದಾಗ 'ಹೊಂದದ ಉದ್ಧರಣ ಚಿಹ್ನೆ' ಎಂಬ ದೂರು ಬಂದು ನಡುವೆ ನಿಂತರೆ, ಆ ಜಾಗದಲ್ಲಿ ಮೇಲುಚುಕ್ಕೆ ಇರುವ ವಿಳಾಸ ಇದೆ ಎಂದರ್ಥ. ಬೇರ್ಪಡಿಸುವ ಗುರುತು ಹೊಸ ಸಾಲು ಮಾತ್ರ ಎಂದು ಸಣ್ಣ ಡಿ ಆಯ್ಕೆಯಿಂದ ತಿಳಿಸಿ, ಇಲ್ಲವೇ ವೈಲ್ ರೀಡ್ ಕುಣಿಕೆ ಬಳಸಿ. ರೀಡ್‌ಗೆ ಸಣ್ಣ ಆರ್ ಕೊಡಲು ಮರೆಯಬೇಡಿ.

ಹೈಫನ್‌ನಿಂದ ಶುರುವಾಗುವ ವಿಳಾಸವೂ ನಿಯಮಬದ್ಧವೇ. ಅದನ್ನು ಹಾಗೆಯೇ ಆಜ್ಞೆಗೆ ಕೊಟ್ಟರೆ ಅದು ವಿಳಾಸವಲ್ಲ, ಆಯ್ಕೆ ಎಂದು ಓದಲ್ಪಡುತ್ತದೆ. ಹೊರಗಿನವರು ತುಂಬಿದ ಪಟ್ಟಿಯಾದರೆ ಇದು ಬರೀ ಕಿರಿಕಿರಿಯಲ್ಲ, ಭದ್ರತೆಯ ತೂತು. ಅಂಥವನ್ನು ಈ ಹಂತದಲ್ಲೇ ಬೇರೆ ಮಾಡಿ.

## ಹಂತ 3: ಡೊಮೈನ್‌ಗಳನ್ನು ಎಣಿಸಿ

ಪಾಸಾದ ವಿಳಾಸಗಳಿಂದ ಡೊಮೈನ್ ಮಾತ್ರ ತೆಗೆದು, ಸಣ್ಣಕ್ಷರಕ್ಕೆ ಇಳಿಸಿ, ಸಾರ್ಟ್ ಮಾಡಿ, ಯುನಿಕ್‌ಗೆ ಸಣ್ಣ ಸಿ ಕೊಟ್ಟು ಎಣಿಸಿ, ಮತ್ತೆ ಸಂಖ್ಯೆಯ ಪ್ರಕಾರ ಸಾರ್ಟ್ ಮಾಡಿ. ಯುನಿಕ್ ಅಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುತ್ತದೆ, ಮೊದಲ ಸಾರ್ಟ್ ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ.

ಇದರಿಂದ ಎರಡು ಲಾಭ. ಸಾವಿರಾರು ವಿಳಾಸಕ್ಕೆ ಒಂದೇ ಡೊಮೈನ್ ಇದ್ದರೂ ಡಿಎನ್‌ಎಸ್‌ಗೆ ಒಮ್ಮೆ ಕೇಳಿದರೆ ಸಾಕು. ಇನ್ನೊಂದು, ಪಟ್ಟಿಯ ಬಾಲದಲ್ಲಿ ಒಂದೊಂದೇ ಸಲ ಬಂದ ಹೆಸರುಗಳ ಮೇಲೆ ಕಣ್ಣಾಡಿಸಿದರೆ ಟೈಪಿಂಗ್ ತಪ್ಪುಗಳು ಎದ್ದು ಕಾಣುತ್ತವೆ. ಜಿಮೇಲ್‌ನಲ್ಲಿ ಅಕ್ಷರ ಅದಲುಬದಲಾದದ್ದು, ಕಾಮ್ ಹೋಗಿ ಕಾನ್ ಆದದ್ದು. ಇದನ್ನು ಯಂತ್ರ ಹಿಡಿಯಲಿ ಎಂದು ಮುಂದಿನ ಹಂತಕ್ಕೆ ಬಿಡಬೇಡಿ. ಜನಪ್ರಿಯ ಡೊಮೈನ್‌ಗಳ ತಪ್ಪು ಕಾಗುಣಿತಗಳನ್ನು ಬೇರೆಯವರು ಕೊಂಡಿಟ್ಟಿರುತ್ತಾರೆ, ಅವಕ್ಕೂ ಮೇಲ್ ಸರ್ವರ್ ಇರುತ್ತದೆ, ಮುಂದಿನ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತವೆ. ನಿಮ್ಮ ಮೇಲ್ ಅಪರಿಚಿತರ ಕೈ ಸೇರುತ್ತದೆ.

## ಹಂತ 4: ಎಮ್‌ಎಕ್ಸ್ ದಾಖಲೆ

ಒಂದು ಡೊಮೈನಿನ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂದು ಹೇಳುವ ಡಿಎನ್‌ಎಸ್ ದಾಖಲೆಯೇ ಎಮ್‌ಎಕ್ಸ್. ಮೊದಲು ಕೈಯಿಂದ ಒಂದೆರಡು ಕೇಳಿ ನೋಡಿ:

ಡಿಗ್ +ಶಾರ್ಟ್ ಎಮ್‌ಎಕ್ಸ್ ಡೊಮೈನ್‌ಹೆಸರು

ಉತ್ತರದ ಸಾಲಿನಲ್ಲಿ ಒಂದು ಸಂಖ್ಯೆ, ಒಂದು ಸರ್ವರ್ ಹೆಸರು ಇರುತ್ತದೆ. ಸಂಖ್ಯೆ ಸಣ್ಣದಿದ್ದಷ್ಟೂ ಆದ್ಯತೆ ಹೆಚ್ಚು. 10 ಮತ್ತು 20 ಇದ್ದರೆ ಮೊದಲು ತಟ್ಟಬೇಕಾದದ್ದು 10ರ ಬಾಗಿಲು.

ಸ್ಕ್ರಿಪ್ಟ್‌ನಲ್ಲಿ ಮಾತ್ರ +ಶಾರ್ಟ್ ನಂಬಬೇಡಿ. ಡೊಮೈನೇ ಇಲ್ಲದಿದ್ದರೂ, ಡೊಮೈನ್ ಇದ್ದು ಎಮ್‌ಎಕ್ಸ್ ಇಲ್ಲದಿದ್ದರೂ, ಅವರ ಡಿಎನ್‌ಎಸ್ ಕೆಟ್ಟಿದ್ದರೂ ಅದು ತೋರಿಸುವುದು ಅದೇ ಖಾಲಿ ಸಾಲು. ಡಿಗ್‌ನ ನಿರ್ಗಮನ ಸಂಕೇತವೂ ಆಗದು. ಡೊಮೈನ್ ಇಲ್ಲ ಎಂಬ ಉತ್ತರಕ್ಕೂ ಅದು 0 ಕೊಡುತ್ತದೆ, ಉತ್ತರವೇ ಬಾರದಿದ್ದಾಗ ಮಾತ್ರ 9. ಆದ್ದರಿಂದ ಪೂರ್ತಿ ಉತ್ತರ ತರಿಸಿ, ತಲೆಯಲ್ಲಿರುವ 'ಸ್ಟೇಟಸ್' ಪದದ ಮುಂದಿನದನ್ನು ಓದಿ.

ಎನ್‌ಎಕ್ಸ್‌ಡೊಮೈನ್ ಎಂದರೆ ಆ ಹೆಸರೇ ಇಲ್ಲ. ವಿಳಾಸ 'ಕೆಟ್ಟದ್ದು' ಫೈಲಿಗೆ.

ಸರ್ವ್‌ಫೇಲ್ ಎಂದರೆ ಅವರ ಕಡೆ ಏನೋ ಕೆಟ್ಟಿದೆ, ಡಿಎನ್‌ಎಸ್‌ಸೆಕ್ ಸಹಿ ಅವಧಿ ಮೀರಿರಬಹುದು, ನೇಮ್‌ಸರ್ವರ್ ಬಿದ್ದಿರಬಹುದು. 'ಮತ್ತೆ ನೋಡಬೇಕು'. ಟೈಮ್‌ಔಟ್ ಆದರೂ ಇದೇ ಫೈಲ್.

ನೋಎರರ್, ಆದರೆ ಎಮ್‌ಎಕ್ಸ್ ಸಾಲು ಇಲ್ಲ. ಇಲ್ಲೇ ಬಹಳ ಜನ ಸೋಲುವುದು. ಎಮ್‌ಎಕ್ಸ್ ಇಲ್ಲದಿದ್ದರೆ ಆ ಹೆಸರಿನ ಎ ಅಥವಾ ಎಎಎಎ ದಾಖಲೆಯ (ಹೆಸರಿಗೆ ಐಪಿ ಸಂಖ್ಯೆ ಹೇಳುವವು ಇವು) ವಿಳಾಸಕ್ಕೇ ಮೇಲ್ ಒಯ್ಯಬೇಕು ಎನ್ನುತ್ತದೆ 5321. ಆದ್ದರಿಂದ ಅವೆರಡನ್ನೂ ಕೇಳಿ. ಮೂರೂ ಇಲ್ಲದಿದ್ದರೆ ಮಾತ್ರ ಕೆಟ್ಟದ್ದು.

ನೋಎರರ್, ಎಮ್‌ಎಕ್ಸ್ ಒಂದೇ ಒಂದು, ಅದರಲ್ಲಿ ಸಂಖ್ಯೆ 0 ಮತ್ತು ಹೆಸರಿನ ಜಾಗದಲ್ಲಿ ಬರೀ ಚುಕ್ಕಿ. ಇದು 2015ರ ಆರ್‌ಎಫ್‌ಸಿ 7505ರಲ್ಲಿ ಬಂದ ಶೂನ್ಯ ಎಮ್‌ಎಕ್ಸ್. 'ನಾವು ಮೇಲ್ ತೆಗೆದುಕೊಳ್ಳುವುದೇ ಇಲ್ಲ' ಎಂಬ ಸ್ಪಷ್ಟ ಬೋರ್ಡು. ಎಮ್‌ಎಕ್ಸ್ ಸಾಲು ಇದೆಯೇ ಎಂದಷ್ಟೇ ನೋಡುವ ಸ್ಕ್ರಿಪ್ಟ್ ಇದನ್ನು 'ಸರಿ' ಎಂದುಬಿಡುತ್ತದೆ. ನಿಮ್ಮ ಸ್ಕ್ರಿಪ್ಟ್ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಲು ಎಕ್ಸಾಂಪಲ್ ಡಾಟ್ ಕಾಮ್ ಕೊಟ್ಟು ಪರೀಕ್ಷಿಸಿ, ಉದಾಹರಣೆಗಳಿಗೆಂದೇ ಮೀಸಲಾದ ಆ ಡೊಮೈನ್ ಈ ಬೋರ್ಡು ಹಾಕಿಕೊಂಡಿದೆ.

ಎಮ್‌ಎಕ್ಸ್ ಇದ್ದರೂ ಆ ಸರ್ವರ್ ಹೆಸರಿಗೆ ಐಪಿ ಸಿಗುತ್ತದೆಯೇ ಎಂದು ಇನ್ನೊಮ್ಮೆ ಕೇಳಬೇಕು. ಹಳೇ ಹೋಸ್ಟಿಂಗ್ ಬಿಟ್ಟು ಹೋದ ಡೊಮೈನ್‌ಗಳಲ್ಲಿ ದಾಖಲೆ ಉಳಿದು ಸರ್ವರ್ ಅಳಿದಿರುತ್ತದೆ. ಕೆಲವರು ಎಮ್‌ಎಕ್ಸ್‌ನಲ್ಲಿ ಹೆಸರಿನ ಬದಲು ಐಪಿ ಸಂಖ್ಯೆಯನ್ನೇ ಬರೆದಿರುತ್ತಾರೆ, ಅದು ನಿಯಮಕ್ಕೆ ಹೊರಗು.

ಒಂದು ಎಚ್ಚರಿಕೆ: ಬೇಕೆಂದೇ ಅಡ್ಡಾದಿಡ್ಡಿ ಅಕ್ಷರಗಳ ಡೊಮೈನ್ ಒಂದನ್ನು ಕೇಳಿ ನೋಡಿ. ಅದಕ್ಕೂ ಐಪಿ ಬಂದರೆ ನಿಮ್ಮ ಇಂಟರ್ನೆಟ್ ಕಂಪನಿ ಇಲ್ಲದ ಹೆಸರುಗಳಿಗೆ ತನ್ನದೇ ಜಾಹೀರಾತು ಪುಟದ ಐಪಿ ಕೊಡುತ್ತಿದೆ. ಎ ದಾಖಲೆಯ ಪರೀಕ್ಷೆ ಪೂರ್ತಿ ಸುಳ್ಳಾಗುತ್ತದೆ. @ ಚಿಹ್ನೆ ಹಾಕಿ ಬೇರೆ ರಿಸಾಲ್ವರ್‌ನ (ಡಿಎನ್‌ಎಸ್ ಉತ್ತರ ತಂದುಕೊಡುವ ಸರ್ವರ್) ಐಪಿಯನ್ನು ಡಿಗ್‌ಗೆ ಕೊಡಿ.

## ಹಂತ 5: ಸರ್ವರ್ ಜೊತೆ ಮಾತು

ಇಲ್ಲಿಯವರೆಗಿನದು ಊರಿದೆಯೇ, ಬೀದಿಯಿದೆಯೇ ಎಂಬ ಪ್ರಶ್ನೆ. ಮನೆ ಇದೆಯೇ ಎಂದು ಕೇಳಲು ಎಸ್‌ಎಮ್‌ಟಿಪಿ ಮಾತುಕತೆ ಶುರುಮಾಡಿ, ಮೇಲ್ ಕಳಿಸುವ ಮುಂಚೆಯೇ ನಿಲ್ಲಿಸಬೇಕು. ಮೊದಲ ಸಲ ಕೈಯಿಂದಲೇ ಮಾಡಿ. ಎನ್‌ಸಿಗೆ ದೊಡ್ಡ ಸಿ ಆಯ್ಕೆ ಕೊಟ್ಟು ಎಮ್‌ಎಕ್ಸ್ ಸರ್ವರ್‌ನ 25ಕ್ಕೆ ಸಂಪರ್ಕಿಸಿ. ಪ್ರತಿ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಸೇರಿಸುವ ಆಯ್ಕೆ ಅದು (ಮ್ಯಾಕ್‌ನ ಎನ್‌ಸಿಯಲ್ಲಿ ಸಣ್ಣ ಸಿ). ಹಂತ 1ರಲ್ಲಿ ಕಿತ್ತೆಸೆದ ಅದೇ ಅಕ್ಷರ ಇಲ್ಲಿ ಕಡ್ಡಾಯ.

1. ಸುಮ್ಮನೆ ಕಾಯಿರಿ. 220ರಿಂದ ಶುರುವಾಗುವ ಸಾಲು ಬರುತ್ತದೆ. 220ರ ಪಕ್ಕದಲ್ಲಿ ಸ್ಪೇಸ್ ಇದ್ದರೆ ಸ್ವಾಗತ ಮುಗಿಯಿತು, ಹೈಫನ್ ಇದ್ದರೆ ಇನ್ನೂ ಸಾಲು ಬರಲಿದೆ.
2. ಇ, ಎಚ್, ಎಲ್, ಒ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು ನಿಮ್ಮ ಯಂತ್ರದ ಪೂರ್ತಿ ಹೆಸರು ಕೊಡಿ. 250ರ ಹಲವು ಸಾಲು ಬರುತ್ತವೆ.
3. ಮೇಲ್ ಫ್ರಮ್, ಕೋಲನ್, ಕೋನಾವರಣದೊಳಗೆ ನಿಮ್ಮ ವಿಳಾಸ. ಕೋಲನ್ ಆದಮೇಲೆ ಸ್ಪೇಸ್ ಬೇಡ. ಉತ್ತರ 250.
4. ಆರ್‌ಸಿಪಿಟಿ ಟು, ಕೋಲನ್, ಕೋನಾವರಣದೊಳಗೆ ಪರೀಕ್ಷಿಸಬೇಕಾದ ವಿಳಾಸ. ನಮಗೆ ಬೇಕಾದ ಉತ್ತರ ಇದೊಂದೇ.
5. ಕ್ವಿಟ್. 221 ಬಂದು ಸಂಪರ್ಕ ಮುಗಿಯುತ್ತದೆ. ಡೇಟಾ ಎಂಬ ಆಜ್ಞೆಯನ್ನು ಕೊಡಲೇಬೇಡಿ, ಕೊಟ್ಟರೆ ಮೇಲ್ ಕಳಿಸಲು ಹೊರಟಂತೆ.

ಈ ನಾಲ್ಕು ಆಜ್ಞೆಗಳನ್ನು ಒಂದು ಫೈಲಿನಲ್ಲಿ ಬರೆದು ಎನ್‌ಸಿಗೆ ಒಮ್ಮೆಲೇ ಸುರಿಯುವುದು ಅತಿ ಸಾಮಾನ್ಯ ತಪ್ಪು. 220 ಬರುವ ಮುಂಚೆಯೇ ಮಾತಾಡುವವರು ಸ್ಪ್ಯಾಮ್ ಯಂತ್ರಗಳು ಎಂಬುದು ಸರ್ವರ್‌ಗಳಿಗೆ ಗೊತ್ತು. ಪೋಸ್ಟ್‌ಫಿಕ್ಸ್‌ನ ಪೋಸ್ಟ್‌ಸ್ಕ್ರೀನ್ ಇದಕ್ಕೆಂದೇ ಸ್ವಾಗತವನ್ನು ಮಾಮೂಲಾಗಿ 6 ಸೆಕೆಂಡ್ ತಡೆದು ಯಾರು ಅವಸರ ಮಾಡುತ್ತಾರೆ ಎಂದು ನೋಡುತ್ತದೆ. ಅವಸರದವರಿಗೆ ಸಿಗುವ ನಿರಾಕರಣೆಗೂ ವಿಳಾಸಕ್ಕೂ ಸಂಬಂಧವೇ ಇಲ್ಲ.

ಕೆಲವು ಸರ್ವರ್‌ಗಳು ಟಿಎಲ್‌ಎಸ್ ಗೂಢಲಿಪೀಕರಣ ಇಲ್ಲದೆ ಮುಂದೆ ಹೋಗಲು ಬಿಡುವುದಿಲ್ಲ. ಆಗ ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್ ಬಳಸಿ, -ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಮ್‌ಟಿಪಿ ಮತ್ತು -ಸಿಆರ್‌ಎಲ್‌ಎಫ್ ಆಯ್ಕೆ ಸೇರಿಸಿ. ಇಲ್ಲೊಂದು ವಿಚಿತ್ರ ಇದೆ. ಸಾಲಿನ ಮೊದಲಕ್ಷರ ದೊಡ್ಡ ಆರ್ ಆಗಿದ್ದರೆ ಎಸ್_ಕ್ಲೈಂಟ್ ಅದನ್ನು ಸರ್ವರ್‌ಗೆ ಕಳಿಸದೆ, ತನಗೆ ಕೊಟ್ಟ ಆಜ್ಞೆ ಎಂದುಕೊಂಡು ಟಿಎಲ್‌ಎಸ್ ಮಾತುಕತೆ ಮತ್ತೆ ಶುರುಮಾಡಲು ಹೊರಡುತ್ತದೆ. ದೊಡ್ಡ ಕ್ಯು ಆದರೆ ಸಂಪರ್ಕವನ್ನೇ ಮುಚ್ಚುತ್ತದೆ. ಆರ್‌ಸಿಪಿಟಿ ಶುರುವಾಗುವುದೇ ಆರ್‌ನಿಂದ! ಸಣ್ಣಕ್ಷರದಲ್ಲಿ ಬರೆದರೆ ತೊಂದರೆ ಇಲ್ಲ, ಎಸ್‌ಎಮ್‌ಟಿಪಿಗೆ ಎರಡೂ ಒಂದೇ. ಇಲ್ಲವೇ -ಕ್ವಯಟ್ ಸೇರಿಸಿ.

ಕೈಗೆ ಅಭ್ಯಾಸವಾದ ಮೇಲೆ ಸ್ವಾಕ್ಸ್‌ಗೆ ಬನ್ನಿ. --ಟು, --ಫ್ರಮ್, --ಸರ್ವರ್ ಕೊಟ್ಟು, ಕೊನೆಗೆ --ಕ್ವಿಟ್-ಆಫ್ಟರ್ ಆರ್‌ಸಿಪಿಟಿ ಎಂದು ಸೇರಿಸಿ. ಸ್ವಾಗತಕ್ಕೆ ಕಾಯುವುದು, ಸಾಲಿನ ಕೊನೆ, ಕೋನಾವರಣ ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ವಿಳಾಸ ನಿರಾಕರಣೆಯಾದರೆ ನಿರ್ಗಮನ ಸಂಕೇತ 24. ನಿರಾಕರಣೆ ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು 24 ಹೇಳುವುದಿಲ್ಲ, ಹಾಗಾಗಿ ಮಾತುಕತೆಯ ಪ್ರತಿಯನ್ನು ಉಳಿಸಿ ಅದನ್ನೇ ಓದಬೇಕು.

ವಿಆರ್‌ಎಫ್‌ವೈ ಎಂಬ ಆಜ್ಞೆ ಇದಕ್ಕೆಂದೇ ಇದೆಯಲ್ಲ ಎಂದರೆ, ಇದೆ. ಬಹುತೇಕ ಎಲ್ಲರೂ ಅದನ್ನು ಮುಚ್ಚಿದ್ದಾರೆ, ಅಥವಾ 252 ಎಂದು ಹಾರಿಕೆಯ ಉತ್ತರ ಕೊಡುತ್ತಾರೆ.

## ಹಂತ 6: ಉತ್ತರ ಓದುವುದು

ಮೂರಂಕಿಯ ಮೊದಲ ಅಂಕಿ ಮಾತ್ರ ನೋಡಿ ತೀರ್ಮಾನಿಸಬೇಡಿ. ಅದರ ಪಕ್ಕದಲ್ಲಿ ಸಾಮಾನ್ಯವಾಗಿ ಚುಕ್ಕಿಗಳಿರುವ ಇನ್ನೊಂದು ಸಂಕೇತ ಇರುತ್ತದೆ, ನಿಜವಾದ ಕಾರಣ ಅಲ್ಲಿದೆ.

550 ಜೊತೆ 5.1.1 ಬಂದರೆ ಆ ಹೆಸರಿನ ಪೆಟ್ಟಿಗೆ ಇಲ್ಲ. ನಿಶ್ಚಿಂತೆಯಿಂದ 'ಕೆಟ್ಟದ್ದು' ಅನ್ನಬಹುದಾದ ಉತ್ತರ ಇದು. 5.2.1 ಬಂದರೆ ಪೆಟ್ಟಿಗೆ ಇದೆ, ನಿಷ್ಕ್ರಿಯ ಮಾಡಿದ್ದಾರೆ. 5.2.2 ಅಥವಾ 4.2.2 ಬಂದರೆ ಪೆಟ್ಟಿಗೆ ತುಂಬಿದೆ. ವಿಳಾಸ ಇದೆ ಎಂಬುದಕ್ಕೆ ಅದೇ ಸಾಕ್ಷಿ, 'ಮತ್ತೆ ನೋಡಬೇಕು'.

550 ಜೊತೆ 5.7.1 ಬಂದರೆ ನಿಲ್ಲಿ. ಇದು ವಿಳಾಸದ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ನಿಮ್ಮ ಐಪಿ ತಡೆಪಟ್ಟಿಯಲ್ಲಿದೆ, ಅಥವಾ ಅದಕ್ಕೆ ಪಿಟಿಆರ್ ದಾಖಲೆ (ಐಪಿಯಿಂದ ಹೆಸರು ಹೇಳುವುದು) ಇಲ್ಲ, ಅಥವಾ ಹಂತ 5ರ ಎರಡನೇ ಅಂಶದಲ್ಲಿ ಕೊಟ್ಟ ಯಂತ್ರದ ಹೆಸರು 'ಲೋಕಲ್‌ಹೋಸ್ಟ್' ತರಹದ್ದು. 550 ಕಂಡದ್ದೆಲ್ಲ ಅಳಿಸುವ ಸ್ಕ್ರಿಪ್ಟ್‌ಗಳು ಒಳ್ಳೆಯ ವಿಳಾಸಗಳನ್ನು ಸಾಲುಸಾಲಾಗಿ ಕೊಲ್ಲುವುದು ಇಲ್ಲೇ. ಲಕ್ಷಣ ಸುಲಭ: ಒಂದೇ ಡೊಮೈನಿನ ಎಲ್ಲ ವಿಳಾಸಗಳೂ ಒಂದೇ ವಾಕ್ಯದಿಂದ ನಿರಾಕರಣೆ ಆಗುತ್ತಿದ್ದರೆ ತಪ್ಪು ನಿಮ್ಮ ಕಡೆ ಇದೆ. ನಿಮ್ಮದೇ, ಚಾಲ್ತಿಯಲ್ಲಿರುವ ವಿಳಾಸವೊಂದು ಅಲ್ಲಿದ್ದರೆ ಅದನ್ನೂ ಕೇಳಿ ನೋಡಿ.

450 ಅಥವಾ 451 ಬಂದರೆ ಹೆಚ್ಚಾಗಿ ಗ್ರೇಲಿಸ್ಟಿಂಗ್. ಅಪರಿಚಿತ ಐಪಿ, ಕಳಿಸುವವರು, ಪಡೆಯುವವರು ಈ ಮೂರರ ಜೋಡಿಯನ್ನು ಸರ್ವರ್ ನೆನಪಿಟ್ಟುಕೊಂಡು 'ಆಮೇಲೆ ಬಾ' ಅನ್ನುತ್ತದೆ. 30 ನಿಮಿಷ ಬಿಟ್ಟು ಅದೇ ಯಂತ್ರದಿಂದ, ಅದೇ ಫ್ರಮ್ ವಿಳಾಸದಿಂದ ಮತ್ತೆ ಕೇಳಿ. ಪ್ರತಿ ಸಲ ಫ್ರಮ್ ಬದಲಿಸಿದರೆ ನೀವು ಎಂದೆಂದಿಗೂ ಹೊಸಬರೇ.

421 ಎಂದರೆ ಸರ್ವರ್‌ಗೆ ಈಗ ಪುರುಸೊತ್ತಿಲ್ಲ, ಅಥವಾ ನಿಮ್ಮ ಕಾಟ ಹೆಚ್ಚಾಯಿತು.

## ಹಂತ 7: ಎಲ್ಲಕ್ಕೂ ಹೂಂ ಅನ್ನುವ ಸರ್ವರ್

250 ಬಂದಾಕ್ಷಣ 'ಸರಿ' ಅನ್ನುವಂತಿಲ್ಲ. ಅದೇ ಡೊಮೈನಿನಲ್ಲಿ ಯಾರೂ ಇಟ್ಟುಕೊಂಡಿರಲಾರದ ಹೆಸರು, ಅಂದರೆ 20 ಅಡ್ಡಾದಿಡ್ಡಿ ಅಕ್ಷರ ಸೇರಿಸಿ ಮಾಡಿದ ವಿಳಾಸವನ್ನು ಕೇಳಿ. ಅದಕ್ಕೂ 250 ಬಂದರೆ ಆ ಸರ್ವರ್ ಎಲ್ಲವನ್ನೂ ಒಪ್ಪುತ್ತದೆ. ಒಂದೋ ಎಲ್ಲ ಮೇಲ್ ಒಂದು ಪೆಟ್ಟಿಗೆಗೆ ಬೀಳುತ್ತದೆ, ಇಲ್ಲವೇ ಮೊದಲು ಒಪ್ಪಿ ಆಮೇಲೆ ಬೌನ್ಸ್ ಮಾಡುತ್ತದೆ, ಅಂದರೆ ಹಿಂದಿರುಗಿಸುತ್ತದೆ. ಎದುರಿಗಿರುವುದು ಸ್ಪ್ಯಾಮ್ ಸೋಸುವ ಮಧ್ಯವರ್ತಿ ಸರ್ವರ್ ಆಗಿ, ಒಳಗಿನ ಪೆಟ್ಟಿಗೆಗಳ ಪಟ್ಟಿ ಅದಕ್ಕೆ ತಿಳಿಯದೆಯೂ ಇರಬಹುದು. ಆ ಡೊಮೈನಿನ ಎಲ್ಲ ವಿಳಾಸಗಳೂ 'ಗೊತ್ತಾಗಲಿಲ್ಲ' ಫೈಲಿಗೆ. ಈ ಪ್ರಶ್ನೆಯನ್ನು ಡೊಮೈನಿಗೆ ಒಮ್ಮೆ ಕೇಳಿದರೆ ಸಾಕು, ಮತ್ತು ಉಳಿದವನ್ನು ಕೇಳುವ ಮುಂಚೆಯೇ ಕೇಳಬೇಕು. ಎಷ್ಟೋ ಅನಗತ್ಯ ಸಂಪರ್ಕ ಉಳಿಯುತ್ತದೆ.

## ಹಂತ 8: ಪಟ್ಟಿ ದೊಡ್ಡದಿದ್ದರೆ

ಒಂದರ ಹಿಂದೊಂದು ಹೆಸರು ಕೇಳುತ್ತ ಹೋಗುವುದು ಸರ್ವರ್ ಕಣ್ಣಿಗೆ ವಿಳಾಸ ಕದಿಯುವವರ ಕೆಲಸದಂತೆಯೇ ಕಾಣುತ್ತದೆ. ಪೋಸ್ಟ್‌ಫಿಕ್ಸ್ ಮಾಮೂಲಾಗಿ ಒಂದು ಸಂಪರ್ಕದಲ್ಲಿ 10 ತಪ್ಪು ದಾಟಿದರೆ ಉತ್ತರ ನಿಧಾನಿಸುತ್ತದೆ, 20ಕ್ಕೆ ಸಂಪರ್ಕ ಕಡಿಯುತ್ತದೆ. ಹಾಗಾಗಿ ಒಂದು ಡೊಮೈನಿಗೆ ಒಂದೇ ಸಮಯದಲ್ಲಿ ಒಂದೇ ಸಂಪರ್ಕ, ಅದರಲ್ಲಿ ನಾಲ್ಕೈದು ವಿಳಾಸ, ನಡುವೆ ಕೆಲವು ಸೆಕೆಂಡ್ ಬಿಡುವು. ಪಟ್ಟಿಯನ್ನು ಡೊಮೈನ್ ಪ್ರಕಾರ ಸಾರ್ಟ್ ಮಾಡಿ ಓಡಿಸದೆ ಕಲಸಿ ಓಡಿಸಿ, ಆಗ ಒಂದೇ ಸರ್ವರ್ ಮೇಲೆ ಹೊರೆ ಬೀಳದು. 421 ಅಥವಾ 5.7 ಕಂಡ ಕೂಡಲೇ ಆ ಡೊಮೈನನ್ನು ಅಂದಿನ ಮಟ್ಟಿಗೆ ಕೈಬಿಡುವ ಷರತ್ತು ಸ್ಕ್ರಿಪ್ಟ್‌ನಲ್ಲಿರಲಿ.

ನೀವು ಮೇಲ್ ಕಳಿಸುವ ಸರ್ವರ್‌ನ ಐಪಿಯಿಂದ ಇದನ್ನು ಮಾಡಲೇಬೇಡಿ. ತಡೆಪಟ್ಟಿಗೆ ಸೇರಿದರೆ ದಿನನಿತ್ಯದ ಮೇಲ್ ಕೂಡ ನಿಲ್ಲುತ್ತದೆ. ಆ ಪಟ್ಟಿಯಿಂದ ಹೊರಬರುವುದು ಸೇರಿದಷ್ಟು ಸುಲಭವಲ್ಲ.

## ಹಂತ 9: ಉಳಿದ ಫೈಲ್‌ಗಳು

'ಮತ್ತೆ ನೋಡಬೇಕು' ಫೈಲನ್ನು ಅರ್ಧ ಗಂಟೆ, ಕೆಲವು ಗಂಟೆ, ಒಂದು ದಿನ ಹೀಗೆ ಮೂರು ಸಲ ಓಡಿಸಿ. ಆಮೇಲೂ ಉಳಿದದ್ದು 'ಗೊತ್ತಾಗಲಿಲ್ಲ'ಕ್ಕೆ ಹೋಗಲಿ, 'ಕೆಟ್ಟದ್ದು' ಫೈಲಿಗಲ್ಲ. ಮೇಲ್ ಸರ್ವರ್‌ಗಳೇ ತಾತ್ಕಾಲಿಕ ನಿರಾಕರಣೆಗೆ 4-5 ದಿನ ಪ್ರಯತ್ನಿಸಿ ಆಮೇಲೆ ಕೈಚೆಲ್ಲುತ್ತವೆ.

'ಗೊತ್ತಾಗಲಿಲ್ಲ' ಮತ್ತು 'ಸರಿ' ಎರಡಕ್ಕೂ ಕೊನೆಯ ಪರೀಕ್ಷೆ ಒಂದೇ: ದೃಢೀಕರಣದ ಕೊಂಡಿ ಇರುವ ಒಂದು ಮೇಲ್. ಪೆಟ್ಟಿಗೆ ಇದೆ ಎಂದು ಸರ್ವರ್ ಹೇಳಬಲ್ಲದು, ಅದು ನಿಮಗೆ ವಿಳಾಸ ಕೊಟ್ಟವರದ್ದೇ ಎಂದು ಹೇಳಲಾರದು. ಇದನ್ನೂ ಸಣ್ಣ ಕಂತುಗಳಲ್ಲಿ ಕಳಿಸಿ. ಮೊದಲ ಕಂತಿನ ಬೌನ್ಸ್‌ಗಳಲ್ಲಿ 5.1.1 ಎಷ್ಟಿವೆ ಎಂದು ಎಣಿಸಿ. 'ಸರಿ' ಫೈಲಿನಿಂದಲೇ ಅವು ಹೆಚ್ಚಾಗಿ ಬಂದರೆ ಹಂತ 7 ಎಲ್ಲೋ ಬಿಟ್ಟುಹೋಗಿದೆ. ಎರಡನೇ ಕಂತು ನಿಲ್ಲಿಸಿ, ಅಲ್ಲಿಂದ ಮತ್ತೆ ಶುರುಮಾಡಿ.